ಟೂತ್‌ಪೇಸ್ಟ್ ಹಲ್ಲಿಗಿರಲಿ, ಕಾರಿಗೆ ಬೇಡ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯಿಂದ ಬರುವ ನಿಮ್ಮ ಪತ್ರಿಕೆ ವಾಸ್ಕೋದಲ್ಲಿ ನಮ್ಮ ಕೈ ಸೇರುವಾಗ ಬೆಳಿಗ್ಗೆ ಒಂಬತ್ತಾಗಿರುತ್ತದೆ. ಹೋದ ಭಾನುವಾರ ಒಂಬತ್ತೂವರೆಗೆಲ್ಲ ಪಕ್ಕದ ಬಿಲ್ಡಿಂಗಿನ ಮಾಸ್ತರರು ಪುರವಣಿ ಹಿಡಿದು ಕೆಳಗೆ ಇಳಿದಿದ್ದರು. ಇನ್ನೊಂದು ಕೈಯಲ್ಲಿ ಟೂತ್‌ಪೇಸ್ಟ್ ಟ್ಯೂಬು. ಮಂಕಾದ ಕಾರಿಗೆ ಹತ್ತೇ ನಿಮಿಷದಲ್ಲಿ ಹೊಳಪು ಬರಿಸುವ ಸಲಹೆಯೊಂದನ್ನು ನೀವು ಹಾಕಿದ್ದಿರಿ. ಟೂತ್‌ಪೇಸ್ಟಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಉಜ್ಜಬೇಕಂತೆ. ನಾನು ಚಹಾ ಮುಗಿಸಿ ಹೋಗುವಷ್ಟರಲ್ಲಿ ಅರ್ಧ ಬಾನೆಟ್ ಆಗಿಹೋಗಿತ್ತು. ಫಳಫಳ ಅನ್ನುತ್ತಿತ್ತು. ಮಾಸ್ತರರ ಮುಖವೂ ಹಾಗೇ ಇತ್ತು. ಮಂಗಳವಾರ ಬಂದು ನೋಡಿದರೆ ಹೊಳಪು ಹೋಗಿ, ಬಿಸಿಲಿಗೆ ಉಂಗುರ ಉಂಗುರ ಗೀರುಗಳು ಕಾಣುತ್ತಿದ್ದವು.

ನಾನು ರಾಣೆಬೆನ್ನೂರು ಕಡೆಯವನು. ಗೋವಾಕ್ಕೆ ಬಂದು ಶಿಪ್‌ಯಾರ್ಡಿನಲ್ಲಿ 26 ವರ್ಷ ಹಡಗಿಗೆ ಬಣ್ಣ ಬಳಿದಿದ್ದೇನೆ. ಕಾರಿನ ವಿಷಯದಲ್ಲಿ ಪಂಡಿತನಲ್ಲ. ಆದರೆ ಬಿಸಿಲು, ಉಪ್ಪುಗಾಳಿ ಬಣ್ಣಕ್ಕೆ ಏನು ಮಾಡುತ್ತವೆ ಅನ್ನುವುದು ಗೊತ್ತು. ಅದಕ್ಕೇ ಈ ಪತ್ರ.

ಬಣ್ಣ ಅಂದರೆ ಅಂಟು ಮತ್ತು ಅದರೊಳಗೆ ಕೂತಿರುವ ಬಣ್ಣದ ಪುಡಿ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೇಲ್ಮೈಯ ಅಂಟನ್ನು ತಿನ್ನುತ್ತವೆ. ಅಂಟು ಹೋದ ಮೇಲೆ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ಹಡಗಿನವರು ಇದಕ್ಕೆ ಚಾಕಿಂಗ್ ಅನ್ನುತ್ತಾರೆ, ಸುಣ್ಣ ಬಿಟ್ಟ ಗೋಡೆ ಇದ್ದ ಹಾಗೆ. ಹಡಗಿಗೆ ಬಳಿಯುವ ಎಪಾಕ್ಸಿ ಬಣ್ಣವಂತೂ ಬಿಸಿಲಿಗೆ ಬೇಗ ಪುಡಿ ಬಿಡುತ್ತದೆ. ಅದಕ್ಕೇ ನೀರಿನ ಮೇಲಿನ ಭಾಗಕ್ಕೆ ಎಪಾಕ್ಸಿಯ ಮೇಲೊಂದು ಬಿಸಿಲು ತಡೆಯುವ ಪಾಲಿಯುರೆಥೇನ್ ಕೋಟು ಕೊಡುತ್ತೇವೆ. ಸೀಮೆಎಣ್ಣೆ ಹಚ್ಚಿದರೆ ಹೊಳೆಯುವುದೇಕೆ? ಒಣಗಿದ ಕಡಪ ಕಲ್ಲಿಗೆ ನೀರು ಚಿಮುಕಿಸಿ ನೋಡಿ. ಕಪ್ಪಗೆ ಮಿಂಚುತ್ತದೆ, ಆರಿದರೆ ಮತ್ತೆ ಬೂದು. ಇದೂ ಅಷ್ಟೇ. ಒರಟು ಮೇಲ್ಮೈಯ ಸಂದುಗಳನ್ನು ಎಣ್ಣೆ ಎರಡು ದಿನ ತುಂಬಿರುತ್ತದೆ. ಮೇಲಾಗಿ ಆ ಎಣ್ಣೆಗೆ ದೂಳು ಅಂಟುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇದೆ ನಿಜ. ಆದರೆ ಅದನ್ನು ಮಾಡಿದ್ದು ಹಲ್ಲಿಗೆ.

ನಿಮ್ಮ ಸಲಹೆಯಲ್ಲಿ ಇರಲೇಬೇಕಾಗಿದ್ದ ಒಂದು ಮಾತೇ ಇರಲಿಲ್ಲ. ಮೊದಲು ಬಿಳಿ ಅರಿವೆಗೆ ಚೂರು ಪಾಲಿಶ್ ಹಚ್ಚಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿ ನೋಡಬೇಕು. ಅರಿವೆಗೆ ಕಾರಿನ ಬಣ್ಣ ಬಂತೋ, ಅದು ಒಂದೇ ಪದರದ ಹಳೆಯ ಬಣ್ಣ. ಬರಲಿಲ್ಲವೋ, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆ. ಈಗಿನ ಕಾರುಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿ. ಮೆಟಾಲಿಕ್ ಬಣ್ಣವಾದರೆ ಕ್ಲಿಯರ್ ಕೋಟ್ ಇದ್ದೇ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಮಾಸ್ತರರದು ಬೆಳ್ಳಿ ಬಣ್ಣದ ಮೆಟಾಲಿಕ್. ಅದರ ಛಾವಣಿಯಲ್ಲಿ ಕ್ಲಿಯರ್ ಕೋಟ್ ಆಗಲೇ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಹಾಗೆ ಎದ್ದ ಮೇಲೆ ಟೂತ್‌ಪೇಸ್ಟೂ ಇಲ್ಲ, ಸಾವಿರ ರೂಪಾಯಿಯ ಪಾಲಿಶೂ ಇಲ್ಲ. ಉಜ್ಜಿದಷ್ಟೂ ಸಿಪ್ಪೆಯ ಅಂಚು ಬೆಳೆಯುತ್ತದೆ. ಆ ಭಾಗಕ್ಕೆ ಹೊಸದಾಗಿ ಪೇಂಟ್ ಹೊಡೆಸಬೇಕು, ಬೇರೆ ದಾರಿ ಇಲ್ಲ. ಇದನ್ನು ಅವರಿಗೆ ಹೇಳಲು ನನಗೆ ಎರಡು ದಿನ ಹಿಡಿಯಿತು.

ನನ್ನದು 2006ರ ಕೆಂಪು ಮಾರುತಿ 800. ಮಂಗೋರ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿಗೆ ಶೆಡ್ ಇಲ್ಲ, ಗಾಡಿ ಬಿಸಿಲಲ್ಲೇ. ಕೆಂಪು ಬೇಗ ಮಾಸುವ ಬಣ್ಣ. ಬಾನೆಟ್ ಮತ್ತು ಛಾವಣಿ ಗುಲಾಬಿಯಾಗಿ, ಆಮೇಲೆ ಬೂದು ಗುಲಾಬಿಯಾಗಿ, ಕೈ ಇಟ್ಟರೆ ಅಂಗೈಗೆ ಪುಡಿ ಹತ್ತುತ್ತಿತ್ತು. ಪೇಂಟ್ ಹೊಡೆಸಲು ಗ್ಯಾರೇಜಿನವನು 28 ಸಾವಿರ ಹೇಳಿದ. ಗಾಡಿಯ ಬೆಲೆ ಅಷ್ಟಿದ್ದೀತೇ? ಹಳೆಯ ಬನಿಯನ್ ತುಂಡಿನಿಂದ ಉಜ್ಜಿ ನೋಡಿದೆ. ತುಂಡು ಕುಂಕುಮದಂತಾಯಿತು. ಸತ್ಯ ಹೇಳುತ್ತೇನೆ, ಖುಷಿಯಾಯಿತು. ಕೆಳಗೆ ಒಳ್ಳೆಯ ಬಣ್ಣ ಇನ್ನೂ ಇದೆ ಅಂತಾಯಿತಲ್ಲ.

ನಾಲ್ಕು ಭಾನುವಾರ ಹಿಡಿಯಿತು, ಹತ್ತು ನಿಮಿಷ ಅಲ್ಲ. ಮೊದಲು ಶಾಂಪೂ ಹಾಕಿ ಧಾರಾಳ ನೀರಿನಲ್ಲಿ ತೊಳೆದೆ. ಈ ಊರಲ್ಲಿ ಗಾಡಿಯ ಮೇಲೆ ಕೆಂಪು ಮಣ್ಣೂ ಇರುತ್ತದೆ, ಗಾಳಿಯಲ್ಲಿ ಬಂದ ಕಪ್ಪು ಪುಡಿಯೂ ಇರುತ್ತದೆ. ಆ ಪುಡಿ ಎಲ್ಲಿಂದ ಬರುತ್ತದೆ ಎನ್ನುವುದು ಬೇರೆ ಪತ್ರದ ವಿಷಯ. ತೊಳೆದ ಮೇಲೂ ಬೆರಳಾಡಿಸಿದರೆ ಉಪ್ಪುಕಾಗದ ಮುಟ್ಟಿದ ಹಾಗೆ ಚುರುಚುರು ಅನ್ನುತ್ತಿತ್ತು. ಕಬ್ಬಿಣದ ಕಣಗಳು ಬಣ್ಣದಲ್ಲಿ ಕಚ್ಚಿಕೊಂಡಿದ್ದವು. ಅದಕ್ಕೆ ಕ್ಲೇ ಬಾರ್ ಅಂತ ಕಣಕದ ಹಿಟ್ಟಿನಂಥ ಒಂದು ವಸ್ತು ಸಿಗುತ್ತದೆ. ಸೋಪು ನೀರು ಚಿಮುಕಿಸಿ ಹಗುರವಾಗಿ ಆಡಿಸಬೇಕು, ಒತ್ತಬಾರದು. ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು. ನನ್ನದು ಎರಡು ಸಲ ಬಿತ್ತು. ಒಂದನ್ನು ಎಸೆದೆ, ಇನ್ನೊಂದಕ್ಕೆ ಜೀವ ಒಪ್ಪದೆ ಬಿದ್ದ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಳಸಿದೆ.

ಆಮೇಲೆ ರಬ್ಬರ್ ಬೀಡಿಂಗಿಗೆ, ಕಪ್ಪು ಪ್ಲಾಸ್ಟಿಕ್ಕಿಗೆ ಮಾಸ್ಕಿಂಗ್ ಟೇಪ್. ಇಲ್ಲದಿದ್ದರೆ ಕಾಂಪೌಂಡ್, ಅಂದರೆ ಸತ್ತ ಬಣ್ಣವನ್ನು ಉಜ್ಜಿ ತೆಗೆಯುವ ಪೇಸ್ಟು, ತಾಗಿ ಬೆಳ್ಳಗಿನ ಕಲೆ ಉಳಿಯುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಕಾಂಪೌಂಡನ್ನು ನೆರಳಿನಲ್ಲಿ, ತಗಡು ತಣ್ಣಗಿರುವಾಗ ಹಚ್ಚಬೇಕು. ಒಂದೂವರೆ ಅಡಿ ಚೌಕ ಹಿಡಿದು ಅಷ್ಟನ್ನೇ ಉಜ್ಜಿ, ಒರೆಸಿ, ಮುಂದಕ್ಕೆ. ಇಡೀ ಬಾನೆಟ್ಟಿಗೆ ಒಮ್ಮೆಲೇ ಬಳಿದರೆ ಒಣಗಿ ಕಲ್ಲಾಗುತ್ತದೆ. ಅರಿವೆ ಕೆಂಪಾದ ಕೂಡಲೇ ಮಡಿಕೆ ಬದಲಿಸಬೇಕು. ಸತ್ತ ಬಣ್ಣವನ್ನೇ ಮತ್ತೆ ತಿಕ್ಕಿದರೆ ಏನು ಬಂತು? ನಾನು ಕೈಯಲ್ಲೇ ಮಾಡಿದೆ. ಮೊದಲ ಚೌಕ ಒರೆಸಿದಾಗ ಒಳಗಿನಿಂದ ಆ ಗಾಢ ಕೆಂಪು ಬಂತು ನೋಡಿ, ಮೇಲಿನ ಮಹಡಿಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದೆ. ಅವಳು ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ ನೋಡಿ, “ಉಳಿದದ್ದೂ ಹಂಗೇ ಮಾಡಿ ಮತ್ತ” ಅಂದಳು.

ಎರಡನೇ ಭಾನುವಾರ ಕೈ ನೋವು ಬಂತು ಅಂತ ಪಾಲಿಶ್ ಉಜ್ಜುವ ಗೆಳೆಯನ ಬಫಿಂಗ್ ಮಷೀನ್ ತಂದೆ. ಅಲ್ಲೇ ಎಡವಟ್ಟಾಯಿತು. ಬಾನೆಟ್ಟಿನ ಅಂಚಿನಲ್ಲಿ ಎರಡು ಸೆಕೆಂಡ್ ಜಾಸ್ತಿ ನಿಂತಿರಬೇಕು, ಬಣ್ಣದ ಅಡಿಯ ಬೂದು ಪ್ರೈಮರ್ ಹೊರಗೆ ಬಂತು. ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಹಿಂದಕ್ಕೆ ಸರಿದು ತೆಳ್ಳಗಾಗುತ್ತದೆ ಅಂತ ಹಡಗಿನ ಅಂಚು, ವೆಲ್ಡಿಂಗ್‌ಗಳಿಗೆ ಬ್ರಶ್ಶಿನಲ್ಲಿ ಮೊದಲೇ ಒಂದು ಕೋಟು ಬಳಿಸುತ್ತಿದ್ದವನು ನಾನೇ. ಹುಡುಗರಿಗೆ ಪಾಠ ಹೇಳಿದವನೂ ನಾನೇ. ಈಗ ಅಂಚುಗಳಿಗೂ ಟೇಪ್ ಹಾಕಿ, ಅಲ್ಲಿ ಬೆರಳಿನಿಂದಲೇ ಉಜ್ಜುತ್ತೇನೆ.

ಲೆಕ್ಕ ನೋಡಿ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂದರೆ ಒಂದು ಮೈಕ್ರಾನ್. ಹಡಗಿನ ತಳಕ್ಕೆ ನಾವು 300 ಮೈಕ್ರಾನ್‌ಗೂ ಮೇಲೆ ಬಣ್ಣ ಹಚ್ಚುತ್ತೇವೆ. ಕಾರಿನ ಪ್ರೈಮರ್‌ನಿಂದ ಹಿಡಿದು ಎಲ್ಲ ಪದರ ಸೇರಿಸಿದರೂ ಸುಮಾರು 100ರಿಂದ 140 ಮೈಕ್ರಾನ್. ಜೆರಾಕ್ಸ್ ಕಾಗದದ ಒಂದು ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50ರ ಆಸುಪಾಸು. ಪ್ರತಿ ಸಲ ಉಜ್ಜಿದಾಗಲೂ ಅದರಲ್ಲೇ ಸ್ವಲ್ಪ ಹೋಗುತ್ತದೆ. ಇದನ್ನು ಪ್ರತಿ ದೀಪಾವಳಿಗೆ ಮಾಡುವ ಕೆಲಸ ಅಂತ ಯಾರೂ ತಿಳಿಯಬಾರದು.

ಉಜ್ಜಿದ ಮೇಲೆ ವ್ಯಾಕ್ಸ್ ಹಚ್ಚದೆ ಬಿಟ್ಟರೆ ಎಲ್ಲ ವ್ಯರ್ಥ. ಬೆತ್ತಲೆ ಬಣ್ಣ ಮತ್ತೆ ಬಿಸಿಲಿಗೆ ಬಿದ್ದಂತೆ. ಕಾರ್ನೌಬಾ (ತಾಳೆ ಜಾತಿಯ ಒಂದು ಮರದ ಎಲೆಯ ಮೇಣ) ವ್ಯಾಕ್ಸ್ ನಮ್ಮ ಉಪ್ಪುಗಾಳಿಗೆ ಎರಡು ತಿಂಗಳು ತಡೆದರೆ ಹೆಚ್ಚು. ನೀರು ಮುತ್ತಾಗಿ ನಿಲ್ಲುವುದು ತಪ್ಪಿತು ಅಂದರೆ ಮತ್ತೆ ಹಚ್ಚಬೇಕು. ಪಾತ್ರೆ ತಿಕ್ಕುವ ಸೋಪಿನಲ್ಲಿ ಗಾಡಿ ತೊಳೆದರೆ ಅದು ಇನ್ನೂ ಬೇಗ ಹೋಗುತ್ತದೆ. ಬೆಳಿಗ್ಗೆ ಒಣ ಅರಿವೆಯಿಂದ ದೂಳು ಒರೆಸುವ ಚಟವಿದ್ದರೆ ದಯವಿಟ್ಟು ಬಿಡಿ. ಆ ಉಂಗುರ ಗೀರುಗಳಲ್ಲಿ ಅರ್ಧ ಅಲ್ಲಿಂದಲೇ ಬರುತ್ತವೆ.

ಕ್ಲೇ, ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ನಾಲ್ಕು ಮೈಕ್ರೋಫೈಬರ್ ಅರಿವೆ ಎಲ್ಲ ಸೇರಿ ನನಗೆ ಎರಡು ಸಾವಿರದೊಳಗೆ ಮುಗಿಯಿತು. ಹೊಸ ಕಾರಿನಂತಾಗಿಲ್ಲ. ಹತ್ತಿರ ಹೋದರೆ ಗೀರು ಕಾಣುತ್ತವೆ, ಅಂಚಿನ ಆ ಬೂದು ಚುಕ್ಕೆಯಂತೂ ಇದೆ. ಆದರೆ ಕೆಂಪು ಕಾರು ಕೆಂಪಾಗಿದೆ.

ಮುಂದಿನ ಪುರವಣಿಯಲ್ಲಿ ಆ ಬಿಳಿ ಅರಿವೆಯ ಮಾತನ್ನಾದರೂ ಎರಡು ಸಾಲು ಹಾಕಿ. ಮಾಸ್ತರರಿಗೆ ಛಾವಣಿ ಮತ್ತು ಬಾನೆಟ್ಟಿಗೆ ಪೇಂಟ್ ಹೊಡೆಸಲು ಹೇಳಿದ್ದೇನೆ. ಮಳೆಗಾಲ ಮುಗಿಯಲಿ ಅನ್ನುತ್ತಿದ್ದಾರೆ. ಉಳಿದ ಟೂತ್‌ಪೇಸ್ಟಿನಲ್ಲಿ ಸದ್ಯ ಹಲ್ಲುಜ್ಜುತ್ತಿದ್ದಾರಂತೆ.

ಇಂತಿ,
ನಿಮ್ಮ ಓದುಗ
ಮಂಗೋರ್ ಹಿಲ್, ವಾಸ್ಕೋ, ಗೋವಾ