ಸೊಪ್ಪು ಒಳ್ಳೇದೇ, ಆದ್ರೆ ಬೇಯಿಸೋ ವಿಷ್ಯ ಯಾಕೆ ಬಿಟ್ರಿ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಸೊಪ್ಪುಗಳ ಬಗ್ಗೆ ಬಂದ ಲೇಖನ ಓದಿದೆ, ಖುಷಿ ಆಯ್ತು, ಮರೆತೇ ಹೋಗ್ತಿರೋ ಸೊಪ್ಪುಗಳ ಹೆಸರೆಲ್ಲ ಒಂದೇ ಕಡೆ ನೋಡಿ. ಆದ್ರೆ ಕೊನೇಲಿ ದಿನಾ ಬೆಳಗ್ಗೆ ಹಸಿ ಸೊಪ್ಪನ್ನ ಮಿಕ್ಸಿಗೆ ಹಾಕಿ ಜ್ಯೂಸ್ ಮಾಡಿ ಖಾಲಿ ಹೊಟ್ಟೇಲಿ ಕುಡೀರಿ ಅಂತ ಒಂದು ಸಾಲು ಇತ್ತಲ್ಲ, ಅದೂ ಯಾವ ಸೊಪ್ಪು ಎಷ್ಟು ಅಂತ ಏನೂ ಹೇಳದೇನೇ, ಅದನ್ನ ಓದಿ ಸುಮ್ನಿರೋಕಾಗ್ಲಿಲ್ಲ, ಅದಕ್ಕೇ ಈ ಪತ್ರ.

ನಾನೇನು ಸೊಪ್ಪಿನ ವಿರೋಧಿ ಅಲ್ಲ. ನೂರು ಗ್ರಾಂ ಹಸಿ ಹರಿವೆ ಸೊಪ್ಪಲ್ಲಿ ಸುಮಾರು 215 ಮಿಲಿಗ್ರಾಂ ಕ್ಯಾಲ್ಸಿಯಂ, 40ಕ್ಕಿಂತ ಜಾಸ್ತಿ ಮಿಲಿಗ್ರಾಂ ವಿಟಮಿನ್ ಸಿ ಇರುತ್ತೆ, ಪಾಲಕ್‌ನಲ್ಲಿ ಫೋಲೇಟ್ ಅನ್ನೋ ಬಿ ವಿಟಮಿನ್ 190 ಮೈಕ್ರೋಗ್ರಾಂ ಹತ್ರ. ಯಾವ ದುಬಾರಿ ಪೌಡರ್ ಡಬ್ಬಕ್ಕೂ ಕಮ್ಮಿ ಇಲ್ಲ. ಆದ್ರೆ ಚಾರ್ಟಲ್ಲಿ ಇರೋದು ಬೇರೆ, ಮೈಗೆ ಹತ್ತೋದು ಬೇರೆ. ಪಾಲಕ್ ತಿಂದ ಮೇಲೆ ಒಂದ್ಸಲ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ, ಸೀಮೆಸುಣ್ಣದ ಪುಡಿ ಸವರಿದ ಹಾಗೆ ಒರಟೊರಟು ಅನ್ಸುತ್ತೆ, ಅದು ಸೊಪ್ಪಲ್ಲೇ ಇರೋ ಆಕ್ಸಲೇಟ್ ಅನ್ನೋ ರಾಸಾಯನಿಕ ಮಾಡೋ ಕೆಲಸ. ಹೊಟ್ಟೆ ಒಳಗೂ ಇದೇ ಕಥೆ, ಆಕ್ಸಲೇಟು ಕ್ಯಾಲ್ಸಿಯಂನ ಹಿಡ್ಕೊಂಡು ಬಿಡೋದೇ ಇಲ್ಲ, ಹಾಲಿನ ಕ್ಯಾಲ್ಸಿಯಂ ನೂರಕ್ಕೆ 25-30 ಭಾಗ ಮೈ ಸೇರಿದ್ರೆ ಪಾಲಕ್‌ನದ್ದು ಸುಮಾರು 5 ಭಾಗ ಅಷ್ಟೇ. ಸಾಸಿವೆ ಜಾತಿಯ ಸೊಪ್ಪುಗಳಲ್ಲಿ ಆಕ್ಸಲೇಟ್ ಕಮ್ಮಿ, ಅವುಗಳ ಕ್ಯಾಲ್ಸಿಯಂ ಚೆನ್ನಾಗೇ ಮೈಗೆ ಹತ್ತುತ್ತೆ. ಈ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಒಂದಕ್ಷರ ಇಲ್ಲ.

ಕುದಿಸಿ ನೀರು ಬಸಿದ್ರೆ ನೀರಲ್ಲಿ ಕರಗೋ ಆಕ್ಸಲೇಟ್, ಯಾವ ಸೊಪ್ಪು ಅನ್ನೋದರ ಮೇಲೆ, ನೂರಕ್ಕೆ 30ರಿಂದ 87 ಭಾಗದವರೆಗೂ ಆಚೆ ಹೋಗುತ್ತೆ. ಜೊತೆಗೆ ಒಂದಷ್ಟು ವಿಟಮಿನ್ ಸಿ ಕೂಡ ಹೋಗುತ್ತೆ ನಿಜ, ನಿಂಬೆಹಣ್ಣು ಹಿಂಡ್ಕೊಂಡ್ರೆ ಆಯ್ತಪ್ಪ, ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕೂ ಅದು ಒಳ್ಳೇದು. ಕಿಡ್ನಿ ಸ್ಟೋನ್ ಹೆಚ್ಚಾಗಿ ಈ ಆಕ್ಸಲೇಟಿಂದಲೇ ಕಟ್ಟೋದು, ಅದಕ್ಕೇ ಸ್ಟೋನ್ ಆದವರು ಈ ನೀರನ್ನ ಚೆಲ್ಲಲೇಬೇಕು, ಜ್ಯೂಸಲ್ಲಿ ಚೆಲ್ಲೋದು ಎಲ್ಲಿಂದ ಬಂತು, ಎಲ್ಲಾ ಲೋಟದೊಳಗೇ ಇರುತ್ತೆ, ಅದೂ ಪಲ್ಯ ಮಾಡಿದ್ರೆ ನಾಲ್ಕು ಜನ ತಿನ್ನೋವಷ್ಟು ಸೊಪ್ಪು ಒಬ್ಬರ ಲೋಟದಲ್ಲಿ.

ಕೆಸುವಿನ ಎಲೆ ವಿಷ್ಯದಲ್ಲಿ ನಾನೇ ಪಾಠ ಕಲ್ತಿದೀನಿ. ಅರ್ಜೆಂಟಲ್ಲಿ ಅರೆಬೆಂದಿದ್ದನ್ನ ಬಾಯಿಗೆ ಹಾಕ್ಕೊಂಡೆ, ಎರಡು ನಿಮಿಷಕ್ಕೆ ಗಂಟಲ ತುಂಬ ಗುಂಡುಸೂಜಿ ಚುಚ್ಚಿದ ಹಾಗೆ, ನೀರು ಕುಡಿದ್ರೂ ಹೋಗಲ್ಲ, ಮಾತಾಡೋಕೂ ಆಗ್ತಿಲ್ಲ. ಆಮೇಲೆ ಗೊತ್ತಾಯ್ತು, ಆ ಎಲೆ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್ ನಿಜವಾಗ್ಲೂ ಸೂಜಿ ಆಕಾರದಲ್ಲೇ ಕಟ್ಟುಕಟ್ಟಾಗಿ ಇರುತ್ತಂತೆ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕಾಣುತ್ತೆ. ಚೆನ್ನಾಗಿ ಬೇಯಿಸಿದ ಎಲೆಯಿಂದ ನಂಗೆ ಯಾವತ್ತೂ ಏನೂ ಆಗಿಲ್ಲ.

ಮರಗೆಣಸಿನ ಎಲೆಯಲ್ಲಂತೂ ಜಜ್ಜಿದ ತಕ್ಷಣ ಸೈನೈಡ್ ಬಿಡುಗಡೆ ಆಗುತ್ತೆ, ಅದಕ್ಕೇ ಅದನ್ನ ತಿನ್ನೋ ಜನ ಚೆನ್ನಾಗಿ ಕುಟ್ಟಿ, ಮುಚ್ಚಳ ತೆಗೆದು, ತುಂಬ ಹೊತ್ತು ಕುದಿಸ್ತಾರೆ, ಆ ಸೈನೈಡ್ ಬಹುಪಾಲು ಹಬೆ ಜೊತೆ ಹಾರಿಹೋಗುತ್ತೆ. ಕುಟ್ಟೋ ಕೆಲಸ ಮಿಕ್ಸಿನೂ ಮಾಡುತ್ತೆ, ಕುದಿಸೋರು ಯಾರು?

ಇದೆಲ್ಲ ಸುಮ್ನೆ ಹೆದರಿಸೋಕೆ ಹೇಳ್ತಿದೀನಿ ಅಂತ ಯಾರಿಗಾದ್ರೂ ಅನ್ಸಿದ್ರೆ ಚಕ್ರಮುನಿ ಸೊಪ್ಪಿನ ವಿಷ್ಯ ತಿಳ್ಕೊಳ್ಳಿ, ನೀವು ಲೇಖನದಲ್ಲಿ ವಿಟಮಿನ್ ಸೊಪ್ಪು ಅಂತ ಹೊಗಳಿದ್ರಲ್ಲ ಅದೇ. 1994-95ರಲ್ಲಿ ತೈವಾನ್‌ನಲ್ಲಿ ತೂಕ ಇಳಿಯುತ್ತೆ ಅಂತ ಯಾರೋ ಹಬ್ಬಿಸಿ, ಜನ ಇದರ ಹಸಿ ರಸಾನ ವಾರಗಟ್ಟಲೆ ಕುಡಿದ್ರು. ಇನ್ನೂರಕ್ಕೂ ಹೆಚ್ಚು ಜನಕ್ಕೆ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳು ಕಟ್ಕೊಂಡು ಉಸಿರಾಟ ಕಷ್ಟ ಆಯ್ತು, ರಸ ನಿಲ್ಲಿಸಿದ ಮೇಲೂ ಸರಿ ಹೋಗ್ಲಿಲ್ಲ, ಕೆಲವರಿಗೆ ಶ್ವಾಸಕೋಶ ಕಸಿ ಮಾಡ್ಬೇಕಾಯ್ತು, ಕೆಲವರು ಸತ್ತೇ ಹೋದ್ರು. ಮಲೇಷ್ಯಾದಲ್ಲಿ ಇದೇ ಸೊಪ್ಪನ್ನ ಮುಂಚಿಂದ ಬೇಯಿಸಿ ತಿಂದ್ಕೊಂಡೇ ಬಂದಿದಾರೆ, ಊಟದ ಜೊತೆ ಒಂಚೂರು.

ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ಳೋರ ಬಗ್ಗೆನೂ ಒಂದು ಸಾಲು ಬೇಕಿತ್ತು, ಸೊಪ್ಪಲ್ಲಿರೋ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರುತ್ತೆ. ಅವ್ರು ಸೊಪ್ಪು ಬಿಡ್ಬೇಕಾಗಿಲ್ಲ, ದಿನಾ ಒಂದೇ ಅಳತೇಲಿ ತಿನ್ಬೇಕು, ನಿಮ್ಮ ಲೇಖನ ಓದಿ ನಾಳೆಯಿಂದ ದಿಢೀರ್ ಅಂತ ದೊಡ್ಡ ಲೋಟ ಶುರು ಮಾಡಿದ್ರೆ ಕಷ್ಟ.

ಮುಂದಿನ ಪುರವಣಿಯಲ್ಲಿ ಯಾವ ಸೊಪ್ಪನ್ನ ಹೇಗೆ ಬೇಯಿಸ್ಬೇಕು, ಯಾವುದರ ನೀರು ಚೆಲ್ಬೇಕು ಅಂತ ಒಂದು ಸಣ್ಣ ಬಾಕ್ಸ್ ಹಾಕಿ, ದಯವಿಟ್ಟು. ಅಂದ ಹಾಗೆ ಲೇಖನದ ಜೊತೆ ಇದ್ದ ಫೋಟೋ ಬಸಳೆದು, ಕೆಳಗೆ ಪಾಲಕ್ ಅಂತ ಬರ್ದಿದೀರಿ, ಅದನ್ನೂ ಸರಿ ಮಾಡ್ಕೊಳ್ಳಿ.

ಇಂತಿ,
ನಿಮ್ಮ ಹಳೇ ಓದುಗ