ನಿಮ್ಮ ಅಪ್ಪನ ಗುಮಟೆಯ ವಿಷಯ

ಅಂಕೋಲಾ,
ಚೌತಿಯ ಮರುವಾರ

ಪ್ರೀತಿಯ ಗೆಳೆಯ,

ಕಾಗದ ಕಂಡಕೂಡಲೇ ನಿನಗೆ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ಮುಗಿಯುವ ಮಾತಿಗೆ ನಾನು ಪೆನ್ನು ಹಿಡಿದೆನೆಂದರೆ ಏನೋ ಎಡವಟ್ಟಾಗಿದೆ ಎನ್ನುವುದು ನಿನಗೆ ಹೈಸ್ಕೂಲಿನ ಕಾಲದಿಂದಲೂ ಗೊತ್ತು. ಹೌದು, ಆಗಿದೆ. ಹೇಳುತ್ತೇನೆ. ಅದಕ್ಕೆ ಮೊದಲು ಊರಿನ ನಾಲ್ಕು ಸುದ್ದಿ ಹೇಳಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ. ಪುಟ ಹಾರಿಸಿ ಕೊನೆಗೆ ಹೋಗಬೇಡ.

ನಮ್ಮ ಹಾಡಿನ ಕೂಟ ಇನ್ನೂ ನಡೆಯುತ್ತಿದೆ. ನೀನು ಕೇಳಿದಾಗಲೆಲ್ಲ "ನಡೆಯುತ್ತಿದೆ ಮಾರಾಯ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ, ಅದಕ್ಕೂ ಕಾರಣವಿದೆ. ತಿಂಗಳ ಎರಡನೇ ಶನಿವಾರ ಸಂಜೆ ನಾಲ್ಕೂವರೆಗೆ ನಮ್ಮ ಮಾಸ್ತರರ ಮನೆಯ ಜಗುಲಿಯಲ್ಲಿ ಸೇರುತ್ತೇವೆ. ನಾಲ್ಕೂವರೆ ಎಂದರೆ ಐದೂಕಾಲು. ಹದಿನೈದು ಜನ ಬಂದರೆ ಜಗುಲಿ ತುಂಬುತ್ತದೆ, ಇಪ್ಪತ್ತಾದರೆ ಮಾಸ್ತರರ ಹೆಂಡತಿ ಕಷಾಯಕ್ಕೆ ದೊಡ್ಡ ಪಾತ್ರೆ ಹುಡುಕುತ್ತಾರೆ. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ. ಒಮ್ಮೆ ಯಾರೋ ಬ್ಯಾನರ್ ಮಾಡಿಸೋಣ ಎಂದರು. ಅದರಲ್ಲಿ ಯಾರ ಫೋಟೋ ಹಾಕುವುದು ಎನ್ನುವಲ್ಲಿ ಮಾತು ಸಿಕ್ಕಿಬಿದ್ದು ಬ್ಯಾನರ್ ಹುಟ್ಟಲೇ ಇಲ್ಲ. ಒಳ್ಳೆಯದೇ ಆಯಿತು.

ಬರುವವರು ಎಲ್ಲ ಬಗೆಯವರು. ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದಿಂದ ಒಬ್ಬ ಅಜ್ಜಿ, ಅವರ ಜೊತೆ ಇಬ್ಬರು ಹೆಂಗಸರು, ಮತ್ತು ನಿನಗೂ ಗೊತ್ತಿರುವ ಗೌಡರು. ಅಜ್ಜಿಯ ಮೊಮ್ಮಗಳು, ಎಂಟನೇ ತರಗತಿಯ ಹುಡುಗಿ, ಯಾರೂ ಕರೆಯದೆ ತಾನಾಗಿ ಬರುತ್ತಾಳೆ. ಖಾರ್ವಿ ಅಣ್ಣತಮ್ಮಂದಿರಿಬ್ಬರಿದ್ದಾರೆ, ದೋಣಿ ಕಡಲಿಗಿಳಿದ ವಾರ ಅವರ ಆಸೆ ಬಿಡಬೇಕು. ಶಿರಸಿಯ ಕಡೆಯಿಂದ ಮದುವೆಯಾಗಿ ಘಟ್ಟ ಇಳಿದು ಬಂದ ಹವ್ಯಕರ ಅಕ್ಕ ಒಬ್ಬರು ಅರಿಶಿನ ಹಚ್ಚುವ ಹಾಡಿನಿಂದ ಹಿಡಿದು ಹೆಣ್ಣೊಪ್ಪಿಸುವ ಹಾಡಿನವರೆಗೆ ಇಡೀ ಮದುವೆಯನ್ನು ಒಂದೇ ಸಂಜೆ ಮುಗಿಸಬಲ್ಲರು. ಒಬ್ಬ ಬಸ್ ಕಂಡಕ್ಟರ್ ಹಾಡುವುದಿಲ್ಲ, ಮೊಬೈಲ್ ಹಿಡಿದು ಎಲ್ಲವನ್ನೂ ದಾಖಲಿಸುತ್ತಾನೆ. ನಾನು ತಾಳ ಹಿಡಿಯುತ್ತೇನೆ. ತಪ್ಪುತ್ತೇನೆ.

ಮಾಸ್ತರರದು ಇನ್ನೂರು ಪುಟದ ಒಂದು ಪಟ್ಟಿ ಪುಸ್ತಕ ಇದೆ. ಹಾಡಿದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಾರೆ. ಅಜ್ಜಿಯ ಒಂದು ಮದುವೆ ಹಾಡನ್ನು ಮೂರು ಬೇರೆ ಬೇರೆ ತಿಂಗಳು ಬರೆದುಕೊಂಡರು. ಮೊದಲ ಸಲ ಇಪ್ಪತ್ತೆಂಟು ಸಾಲು, ಎರಡನೇ ಸಲ ನಲವತ್ತೊಂದು, ಮೂರನೇ ಸಲ ಮೂವತ್ತಮೂರು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು, ಸುಮ್ಮನಿರುತ್ತದೆಯೇ? ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, "ಅಜ್ಜಿ, ಇದರಲ್ಲಿ ಸರಿಯಾದದ್ದು ಯಾವುದು?" ಎಂದು ಕೇಳಿದರು.

"ಮೂರೂ ಸರಿ" ಎಂದರು ಅಜ್ಜಿ. "ಮೊದಲಿನದು ಅಪ್ಪ ಇಲ್ಲದ ಹುಡುಗಿಯ ಮದುವೆಯದು. ಧಾರೆ ಎರೆಯಲು ಅಪ್ಪನೇ ಇಲ್ಲದ ಮೇಲೆ ಆ ಸಾಲು ಯಾಕೆ ಹೇಳಬೇಕು, ಹುಡುಗಿಯನ್ನು ಅಳಿಸಲಿಕ್ಕೋ? ಎರಡನೆಯದರಲ್ಲಿ ದಿಬ್ಬಣ ತಡವಾಗಿತ್ತು, ಎಳೆಯಬೇಕಾಯಿತು."

"ಮೂರನೆಯದು?"

"ಆವತ್ತು ನನಗೆ ಕೆಮ್ಮು."

ಮಾಸ್ತರರು ಇದನ್ನೆಲ್ಲ ಹಾಡಿನ ಪಕ್ಕದ ಅಂಚಿನಲ್ಲಿ ಅದೇ ಕೆಂಪು ಪೆನ್ನಿನಿಂದ ಬರೆದಿಟ್ಟರು, ಕೆಮ್ಮನ್ನೂ ಸೇರಿಸಿ. ನನ್ನನ್ನು ಕೇಳಿದರೆ ಆ ಪಟ್ಟಿಯಲ್ಲಿ ಓದುವಂಥದ್ದು ಆ ಅಂಚೇ.

ಕಂಡಕ್ಟರನ ಕಷ್ಟ ಬೇರೆ. ಅಜ್ಜಿಯ ಕುತ್ತಿಗೆ ತುಂಬ ಕರಿಮಣಿ ಸರ. ಹಾಡುವಾಗ ಅವರ ಮೈ ಸಣ್ಣಗೆ ತೂಗುತ್ತದೆ, ಸರಗಳು ಒಂದಕ್ಕೊಂದು ತಾಗುತ್ತವೆ. ಎದುರು ಕೂತವರಿಗೆ ಅದು ಕೇಳಿಸುವುದೇ ಇಲ್ಲ. ಮೊಬೈಲಿನಲ್ಲಿ ಕೇಳಿದರೆ ಯಾರೋ ಹಾಡಿನುದ್ದಕ್ಕೂ ಅಕ್ಕಿ ಕೇರುತ್ತಿರುವ ಹಾಗಿರುತ್ತದೆ. ಇವನು ಕೈಮುಗಿದು ಕೇಳಿಕೊಂಡ ಮೇಲೆ ಅಜ್ಜಿ ಸರಗಳನ್ನೆಲ್ಲ ಎತ್ತಿ ಬೆನ್ನಿಗೆ ಹಾಕಿಕೊಂಡರು. ಎರಡು ಸಾಲಿಗೆ ಹಾಡು ನಿಂತಿತು. "ಯಾರದೋ ಮನೆಯಲ್ಲಿ ಕೂತ ಹಾಗಾಗುತ್ತದೆ" ಎನ್ನುತ್ತ ಮತ್ತೆ ಮುಂದಕ್ಕೆ ಹಾಕಿಕೊಂಡರು. ಈಗ ಕಂಡಕ್ಟರ್ ಮಣಿಯ ಸದ್ದಿನ ಸಮೇತ ಕಾಪಿಡುತ್ತಾನೆ.

ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಈ 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಸುದ್ದಿ ನಿನಗೆ ಅಲ್ಲಿಯೇ ತಿಳಿದಿರುತ್ತದೆ. 2017ರಲ್ಲಿ ಪದ್ಮಶ್ರೀ ಬಂದಾಗ ನಾವಿಬ್ಬರೂ ಬಡಗೇರಿಗೆ ಹೋಗಿಬರಬೇಕು ಎಂದುಕೊಂಡಿದ್ದೆವು, ನೆನಪಿದೆಯೇ? ಹೋಗಲಿಲ್ಲ. ಅಂಕೋಲೆಯಲ್ಲೇ ಇರುವ ಊರಲ್ಲವೇ, ಯಾವಾಗ ಬೇಕಾದರೂ ಹೋಗಬಹುದು ಎಂದು ಬಿಟ್ಟೆವು. ಮಾರ್ಚಿನ ಕೂಟದಲ್ಲಿ ಒಬ್ಬರು ಶ್ರದ್ಧಾಂಜಲಿ ಭಾಷಣ ಬರೆದುಕೊಂಡು ಬಂದಿದ್ದರು. ಸಾವಿರಾರು ಹಾಡು, ಹಾಲಕ್ಕಿಗಳ ಕೋಗಿಲೆ, ಎಲ್ಲ ಇತ್ತು ಅದರಲ್ಲಿ. ಕೊಪ್ಪದ ಅಜ್ಜಿ ಒಂದು ಪುಟ ಕೇಳಿದರು, ಆಮೇಲೆ ಹಾಡಲು ಶುರುಮಾಡಿಬಿಟ್ಟರು. ಭಾಷಣ ನಿಂತಿತು. ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದ, ತಮ್ಮ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಸಿಕ್ಕಿದ ದೊಡ್ಡವರನ್ನೆಲ್ಲ ಕೇಳುತ್ತಲೇ ಇದ್ದ ಆ ಮುದುಕಿ ಬರೀ ಕೋಗಿಲೆಯಾಗಿರಲಿಲ್ಲ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅದೇ ಮಾರ್ಚಿನಲ್ಲಿ ಆರು ಜನ ಜೀಪು ಮಾಡಿಕೊಂಡು ಘಟ್ಟ ಹತ್ತಿ ಶಿರಸಿಗೆ ಬೇಡರ ವೇಷ ನೋಡಲು ಹೋಗಿದ್ದೆವು. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ ಅಲ್ಲಿ ಹೋಳಿಗೆ ಇದೇ ಸಂಭ್ರಮ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು ಕತ್ತಿ, ಗುರಾಣಿ ಹಿಡಿದ ಬೇಡ ಮುಂದೆ ನುಗ್ಗುತ್ತಾನೆ, ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಾರೆ, ಸುತ್ತ ತಮಟೆ. ಆ ತಮಟೆ ಕಿವಿಗೆ ಬಡಿಯುವುದಲ್ಲ, ಎದೆಗೂಡಿನೊಳಗೆ ಹೋಗಿ ಕೂರುತ್ತದೆ. ನಮ್ಮ ಗೌಡರು ರಾತ್ರಿಯೆಲ್ಲ ಬೇಡನನ್ನು ಬಿಟ್ಟು ತಮಟೆಯವರ ಕೈಯನ್ನೇ ನೋಡುತ್ತ ನಿಂತಿದ್ದರು. ಬರುವಾಗ ಜೀಪಿನಲ್ಲಿ ಒಂದೇ ಮಾತು: "ಅವರಿಗೆ ಬೆಂಕಿ ಹತ್ತಿರ ಇದೆ. ಘಳಿಗೆಗೊಮ್ಮೆ ಕಾಯಿಸುತ್ತಾರೆ." ಆ ಮಾತನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡೆ.

ಮಳೆಗಾಲದ ಕೂಟ ಮಾತ್ರ ಯಾವಾಗಲೂ ಸಪ್ಪೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲಿನ ಕೂಟದಲ್ಲಂತೂ ಯಾರೂ ಬಾಯಿ ತೆರೆಯಲಿಲ್ಲ, ಕಷಾಯ ಕುಡಿದು ಎದ್ದೆವು.

ಇನ್ನು ವಿಷಯಕ್ಕೆ ಬರುತ್ತೇನೆ.

ಹನ್ನೊಂದು ವರ್ಷದ ಹಿಂದೆ ನಿಮ್ಮ ಮನೆಗೆ ಕೀಲಿ ಹಾಕಿದ ದಿನ ನಿನ್ನ ಅಪ್ಪನ ಗುಮಟೆಯನ್ನು, ದೊಡ್ಡ ಬಾಯಿಗೆ ಚರ್ಮ ಬಿಗಿದು ಸಣ್ಣ ಬಾಯಿ ತೆರೆದಿಟ್ಟ ಆ ಮಣ್ಣಿನ ವಾದ್ಯವನ್ನು, ಗೋಣಿಚೀಲದಲ್ಲಿ ಸುತ್ತಿ ತಂದು ನಮ್ಮ ಅಟ್ಟದ ಮೇಲಿಟ್ಟು, "ಇದನ್ನು ಬೆಂಗಳೂರಿಗೆ ಒಯ್ದು ಏನು ಮಾಡಲಿ, ನೋಡಿಕೊಂಡಿರು" ಎಂದಿದ್ದೆ. ಹತ್ತು ವರ್ಷ ನೋಡಿಕೊಂಡಿದ್ದೆ. ಕಳೆದ ವರ್ಷ ಚೌತಿಯ ಹೊತ್ತಿಗೆ ನಿನ್ನನ್ನು ಒಂದು ಮಾತು ಕೇಳದೆ ಕೂಟಕ್ಕೆ ಒಯ್ದೆ. ನನ್ನ ಮೊದಲ ತಪ್ಪು ಇದು. ಕೂಟದಲ್ಲಿದ್ದ ಎರಡು ಗುಮಟೆಗಳು ಹೊಸವು, ಗುಮಟೆ ಪಾಂಗಿಗೆ, ಅಂದರೆ ಗುಮಟೆ ಬಾರಿಸುತ್ತ ಹಾಡಲು, ಕೂತರೆ ಗೌಡರು ಅವುಗಳನ್ನು ಅಡುಗೆ ಮಡಕೆ ಎಂದೇ ಕರೆಯುತ್ತಿದ್ದರು. ನಿನ್ನ ಅಪ್ಪನದನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಒಮ್ಮೆ ಬಡಿದು, ಎಡಗೈಯಿಂದ ಸಣ್ಣ ಬಾಯಿಯನ್ನು ಮೆಲ್ಲಗೆ ಮುಚ್ಚಿ ತೆರೆದರು. ಆ ಗುಂಯ್ ಎನ್ನುವ ಸದ್ದು ಜಗುಲಿಯ ತೊಲೆಗೆ ಹೋಗಿ ತಿರುಗಿ ಬಂತು. ಅಡುಗೆಮನೆಯಿಂದ ಮಾಸ್ತರರ ಹೆಂಡತಿ ಹೊರಗೆ ಬಂದು ನಿಂತರು.

ಹಳಬರು ಒಬ್ಬಿಬ್ಬರು ಪ್ರತಿ ಸಲವೂ ಅದೇ ಹಾಡು ಹಾಡುತ್ತಿದ್ದರು: ಉಡದ ಚರ್ಮವಿದ್ದಿದ್ದರೆ ಇದರ ಗತ್ತೇ ಬೇರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಮುಟ್ಟುವ ಹಾಗಿಲ್ಲ, ಮುಟ್ಟಲೂ ಬಾರದು. ನಿನ್ನ ಅಪ್ಪ ತಾವಾಗಿಯೇ ಹಳೆಯದನ್ನು ಕಿತ್ತು ಆಡಿನ ಚರ್ಮ ಬಿಗಿಸಿದವರು. ಗೋವೆಯವರು 2019ರಲ್ಲಿ ಘುಮಟ್ ಅನ್ನು ತಮ್ಮ ರಾಜ್ಯದ ಪಾರಂಪರಿಕ ವಾದ್ಯ ಎಂದು ಸಾರಿದ್ದೂ ಆಡಿನ ಚರ್ಮದ ಮೇಲೆಯೇ. ಸದ್ದಿನಲ್ಲಿ ವ್ಯತ್ಯಾಸವಿದೆ, ಇಲ್ಲವೆಂದು ನಾನು ಹೇಳುವುದಿಲ್ಲ. ಆಡಿನ ಚರ್ಮ ಮಳೆಗಾಲದಲ್ಲಿ ಜೋಲುತ್ತದೆ. ಆದರೆ ಉಡದ ಹೆಸರು ಹೇಳಿಕೊಂಡು ಗುಮಟೆ ಮುಟ್ಟದೆ ಕೂತವರ ಮಕ್ಕಳಾರೂ ಗುಮಟೆ ಕಲಿತದ್ದನ್ನು ನಾನು ಕಂಡಿಲ್ಲ.

ಆಗಸ್ಟಿನ ಎರಡನೇ ಶನಿವಾರ ನೂಲಹುಣ್ಣಿಮೆಯೂ ಆಗಿತ್ತು. ಖಾರ್ವಿ ಹುಡುಗರು ಕಡಲಿಗೆ ತೆಂಗಿನಕಾಯಿ ಬಿಡಲು ಹೋಗಿದ್ದರು. ಬೆಳಗಿನಿಂದ ಮಳೆ ಹನಿ ಕಡಿದಿರಲಿಲ್ಲ. ಎಂಟು ಜನ ಬಂದಿದ್ದೆವು. ಗುಮಟೆ ಬಡಿದರೆ ಒದ್ದೆ ಗೋಣಿಗೆ ಬಡಿದ ಹಾಗೆ. ಗೌಡರು ತಾವೇ ಎದ್ದಿದ್ದರು. ನಾನು, "ನೀವು ಕೂತಿರಿ, ನಾನು ಕಾಯಿಸಿಕೊಂಡು ಬರುತ್ತೇನೆ" ಎಂದು ಕಸಿದುಕೊಂಡು ಬಚ್ಚಲ ಒಲೆಯ ಹತ್ತಿರ ಹೋದೆ. ತೆಂಗಿನ ಸಿಪ್ಪೆಯ ಕೆಂಡ ಧಗಧಗ ಎನ್ನುತ್ತಿತ್ತು. ದೂರ ಹಿಡಿದು, ಚರ್ಮವನ್ನಷ್ಟೇ ತೋರಿಸಿ, ತಿರುಗಿಸುತ್ತ ಕಾಯಿಸಬೇಕು. ನಾನು ಹತ್ತಿರ ಹಿಡಿದೆ, ಬೇಗ ಆಗಲಿ ಎಂದು. ಮಣ್ಣೂ ಸುಟ್ಟುಹೋಗುವಷ್ಟು ಬಿಸಿಯಾಯಿತು, ಕೈಗೆ ತಡೆಯಲಿಲ್ಲ. ಬಾಗಿಲ ಹೊರಗಿನ ಚಿರೇಕಲ್ಲಿನ ಮೇಲೆ ಇಟ್ಟೆ. ಸೂರಿನ ನೀರು ಬಿದ್ದು ಬಿದ್ದು ತಣ್ಣಗಿದ್ದ ಕಲ್ಲು. ಟಿಕ್ ಎಂದಿತು. ಮಳೆಯ ಹನಿ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಗೌಡರು ಬಾರಿಸಲು ತೊಡಗಿದರು. ಎರಡನೇ ಪೆಟ್ಟಿಗೇ ಅವರ ಹುಬ್ಬು ಗಂಟಾಯಿತು. ಏನೂ ಹೇಳದೆ, ಕೈ ಹಗುರ ಮಾಡಿಕೊಂಡು ಹಾಡು ಮುಗಿಸಿದರು, ಗುಮಟೆಯನ್ನು ಚಾಪೆಯ ಅಂಚಿಗೆ ಮೆಲ್ಲನೆ ಇಟ್ಟರು. ಅಜ್ಜಿಯ ಮೊಮ್ಮಗಳು ಇಷ್ಟು ತಿಂಗಳಿಂದ ಅದನ್ನು ಮುಟ್ಟಲು ಕಾದವಳು. ಎಲ್ಲರೂ ಕಷಾಯದ ಕಡೆ ತಿರುಗಿದಾಗ ಹಗ್ಗ ಹಿಡಿದು ಎತ್ತಿದಳು. ಹಗ್ಗದ ಜೊತೆ ಅರ್ಧ ಮೇಲೆ ಬಂತು, ಇನ್ನರ್ಧ ಚಾಪೆಯ ಮೇಲೆಯೇ ಉಳಿಯಿತು.

ಎಲ್ಲರೂ ಅವಳನ್ನು ನೋಡಿದರು. ಅಜ್ಜಿ, "ಅಯ್ಯೋ ಏನು ಮಾಡಿದೆ!" ಎಂದು ಕೈ ಎತ್ತಿದರು. ಹುಡುಗಿಯ ಗಲ್ಲ ನಡುಗುತ್ತಿತ್ತು. ನಾನು ಸುಮ್ಮನಿದ್ದೆ. ತುಂಬ ಹೊತ್ತೇನಲ್ಲ, ಒಂದು ಗುಟುಕು ಕಷಾಯ ನುಂಗುವಷ್ಟು. ಆದರೆ ಸುಮ್ಮನಿದ್ದೆ. ಗುಮಟೆ ಒಡೆದದ್ದನ್ನು ಫೋನಿನಲ್ಲಿ ಹೇಳಬಹುದಿತ್ತು, ಇದನ್ನು ಹೇಳಲು ಆಗುತ್ತಿರಲಿಲ್ಲ.

"ಅವಳು ಒಡೆದದ್ದಲ್ಲ" ಎಂದರು ಗೌಡರು, ಲೋಟದಿಂದ ಕಣ್ಣೆತ್ತದೆ. "ನಾನು ಬಾರಿಸುವಾಗಲೇ ಅದು ಒಡೆದಿತ್ತು. ಕೈಗೆ ಗೊತ್ತಾಯಿತು." ಯಾರು ಒಡೆದದ್ದು ಎಂದು ಅವರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ನಾನು ಬಾಯಿ ಬಿಟ್ಟೆ. ಬಿಸಿಯದನ್ನು ಒದ್ದೆ ಕಲ್ಲಿನ ಮೇಲೆ ಇಟ್ಟೆ ಎಂದೆ. ಮಾಸ್ತರರು ಅಭ್ಯಾಸಬಲದಿಂದ ಪಟ್ಟಿ ತೆರೆದರು, ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿದರು. ಅಜ್ಜಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ತಲೆ ನೇವರಿಸಿ, ನನಗೆ ಮಾತ್ರ ಎರಡು ಒಳ್ಳೆಯ ಮಾತು ಹೇಳಿದರು. ಅವನ್ನು ಕಾಗದದಲ್ಲಿ ಬರೆಯಲಾರೆ.

ಚರ್ಮ ಹಾಳಾಗಿಲ್ಲ. ನೆನೆಸಿ ಬಿಡಿಸಿ, ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಚೂರುಗಳನ್ನೂ ಎಸೆದಿಲ್ಲ, ಅದೇ ಗೋಣಿಚೀಲದಲ್ಲಿವೆ. ಕಳೆದ ವಾರ ಅವುಗಳನ್ನು ಹೊತ್ತುಕೊಂಡು ಗೌಡರ ಜೊತೆ ಕುಂಬಾರರ ಮನೆಗೆ ಹೋಗಿದ್ದೆ. ಆತ ಚೂರುಗಳನ್ನು ಅಂಗಳದಲ್ಲಿ ಹರಡಿ, ಜೋಡಿಸಿ, ದಪ್ಪ ನೋಡಿ, ಉಗುರಿನಿಂದ ಒಮ್ಮೆ ತಟ್ಟಿದ. ಗುಮಟೆ ಕೇಳಿಕೊಂಡು ಬರುವವರು ಈಗ ಕಡಿಮೆಯಂತೆ. ಮಳೆ ಬಿಟ್ಟು ಮಣ್ಣು ಒಣಗಲಿ, ದೀಪಾವಳಿ ಕಳೆದ ಮೇಲೆ ಮಾಡಿಕೊಡುತ್ತೇನೆ ಎಂದ. ಮೂರು ಮಾಡುತ್ತಾನಂತೆ, ಸುಡುವಾಗ ಒಂದು ಹೋದರೂ ಎರಡು ಉಳಿಯಲಿ ಎಂದು. ಒಂದು ನಿನ್ನದು. ಇನ್ನೊಂದನ್ನು ಆ ಹುಡುಗಿಗೆ ಕೊಡುವುದೆಂದು ಗೌಡರು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಅವಳು ಈಗ ಮನೆಯ ಕೊಡದ ಮೇಲೆ ಬಡಿಯುತ್ತಾಳಂತೆ, ಅಜ್ಜಿಗೆ ನಿದ್ದೆಯಿಲ್ಲ.

ಒಂದೇ ತೊಡಕು. ಸಣ್ಣ ಬಾಯಿಯ ಕಡೆಯ ಒಂದು ಚೂರು ಸಿಗಲಿಲ್ಲ, ಅಳತೆ ಗೊತ್ತಾಗುತ್ತಿಲ್ಲ. ಕುಂಬಾರ, "ಬಾರಿಸುವವರ ಕೈ ಎಷ್ಟು ದೊಡ್ಡದು?" ಎಂದು ಕೇಳಿದ. ನಿನ್ನ ಅಪ್ಪನ ಕೈ ನನಗೆ ನೆನಪಿದೆ, ಆದರೆ ನೆನಪನ್ನು ಮಣ್ಣಿನವನಿಗೆ ಹೇಗೆ ತೋರಿಸಲಿ? ನಿನ್ನದು ಅವರದೇ ಕೈ ಎಂದು ನಿನ್ನ ಅಮ್ಮ ಹೇಳುತ್ತಿದ್ದರು. ಒಂದು ಹಾಳೆಯ ಮೇಲೆ ಅಂಗೈ ಊರಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಅಂಚೆಯಲ್ಲಿ ಕಳಿಸು. ಮೊಬೈಲಿನಲ್ಲಿ ಫೋಟೋ ಕಳಿಸಬೇಡ, ಅಳತೆ ತಪ್ಪುತ್ತದೆ.

ಎಡಗೈ. ಬಲಗೈ ಅಲ್ಲ.

ನಿನ್ನ,
ತಾಳ ತಪ್ಪುವವನು