ಸಚಿವರೇ, ಸಂಶೋಧಕರಿಗೆ ಕೂತು ಕಲಿಯುವ ಕಮ್ಮಟ ಬೇಕು

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಪಿಎಚ್‌.ಡಿ. ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಸಿನಾಪ್ಸಿಸ್, ಪ್ರಶ್ನಾವಳಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ನಾನು ಹಿಂದೆ ಯಾರನ್ನು ಕೇಳಬೇಕೆಂದು ತಿಳಿಯದೆ ನುಂಗಿಕೊಂಡವೇ. ಅಂಥವರಿಗೆ ಕನ್ನಡದಲ್ಲಿ ಸಂಶೋಧನಾ ವಿಧಾನದ ಕಮ್ಮಟ ನಡೆಸಿ ಎಂದು ಕೋರುವುದಕ್ಕೇ ಈ ಪತ್ರ.

ನನ್ನದೇ ಕೆಲಸದಿಂದ ಶುರು ಮಾಡುತ್ತೇನೆ. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಬಗ್ಗೆ ನಾನು ಪಿಎಚ್‌.ಡಿ. ಮಾಡಿದ್ದು. ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಕಟ್ಟೆಯ ಮೇಲೆ ಕೂತು ಮೊದಲ ದಿನ ಮೊದಲ ಪ್ರಶ್ನೆ ಓದಿದೆ: ‘ನಿಮ್ಮ ಕುಟುಂಬದ ವಾರ್ಷಿಕ ಆದಾಯ ಎಷ್ಟು?’ ಎದುರಿಗಿದ್ದ ಹಿರಿಯರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಯಾವ ವರ್ಷದ್ದು ಕೇಳ್ತಿ ಯವ್ವಾ? ಮಳಿ ಆದ ವರ್ಷದ್ದೋ, ಆಗದ ವರ್ಷದ್ದೋ?’ ಎಂದರು. ನನ್ನ ಹಾಳೆಯಲ್ಲಿ ನಾಲ್ಕು ಚೌಕಗಳಿದ್ದವು. ಅವರ ಮಾತು ಹಿಡಿಸುವ ಚೌಕ ಒಂದೂ ಇರಲಿಲ್ಲ. ಅಂದಾಜಿನ ಮೇಲೆ ಒಂದಕ್ಕೆ ಟಿಕ್ ಹಾಕಿದೆ. ಹಾಗೆಯೇ 240 ಪ್ರಶ್ನಾವಳಿ ತುಂಬಿಸಿದೆ. ಅಭಿಪ್ರಾಯ ಅಳೆಯುವ ಪ್ರಶ್ನೆಗಳಿಗೆ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಮೆಟ್ಟಿಲು. ಕೇಳಿದ್ದಕ್ಕೆಲ್ಲ ‘ಹೌದ್ರಿ’ ಎಂದವರು ನಿಜಕ್ಕೂ ಒಪ್ಪಿದರೋ, ಪಟ್ಟಣದಿಂದ ಬಂದವಳ ಮನಸ್ಸು ನೋಯಿಸಬಾರದೆಂದು ಹೂಂಗುಟ್ಟಿದರೋ ನನಗೆ ಗೊತ್ತಾಗಲಿಲ್ಲ. ಸುಮ್ಮನೆ ಕೂತವರನ್ನು ‘ತಟಸ್ಥ’ ಎಂದು ಬರೆದುಕೊಂಡೆ.

ಮೊದಲು ಹತ್ತು ಜನರ ಹತ್ತಿರ ಪ್ರಶ್ನೆ ಕೇಳಿ ನೋಡು, ಎಲ್ಲಿ ತೊಡಕುತ್ತದೋ ಅಲ್ಲಿ ತಿದ್ದು ಎಂದು ಹೇಳುವವರು ಒಬ್ಬರಿದ್ದಿದ್ದರೆ ಸಾಕಿತ್ತು. ‘ಪೂರ್ವಪರೀಕ್ಷೆ’ ಎಂದರೇನು ಎಂಬುದಕ್ಕೆ ನಾನು ಪಿಎಚ್‌.ಡಿ.ಯ ಮೊದಲ ಹಂತದ ಪಾಠಗಳ, ಅಂದರೆ ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ಒಂದು ಪುಟ ಉತ್ತರ ಬರೆದಿದ್ದೆ. ಅದೇ ಇದು ಎಂದು ಆ ಕಟ್ಟೆಯ ಮೇಲೆ ಹೊಳೆಯಲಿಲ್ಲ.

ಮುಂದಿನದು ಇನ್ನೂ ನೋವಿನ ಸಂಗತಿ. ಮಾಹಿತಿಯನ್ನು ಎಕ್ಸೆಲ್‌ಗೆ ತುಂಬಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ದುಡ್ಡು ಕೊಟ್ಟರೆ ವಿಶ್ಲೇಷಣೆ ಮಾಡಿಕೊಡುವವರೊಬ್ಬರಿಗೆ ಕೊಟ್ಟೆ. ಕೋಷ್ಟಕಗಳು ಅಚ್ಚುಕಟ್ಟಾಗಿ ಬಂದವು, ಪ್ರತಿಯೊಂದರ ಕೆಳಗೂ ಎರಡು ಸಂಗತಿಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಕೈ-ವರ್ಗ (chi-square) ಪರೀಕ್ಷೆಯ ಫಲಿತಾಂಶ. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಪರೀಕ್ಷಕರು ಒಂದು ಕೋಷ್ಟಕದ ಮೇಲೆ ಬೆರಳಿಟ್ಟು, ‘ಕೋಷ್ಟಕದ ಈ ಚೌಕಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಇದೆಯಲ್ಲಮ್ಮಾ, ಇಲ್ಲಿ ಈ ಪರೀಕ್ಷೆಯನ್ನು ನಂಬಬಹುದೇ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪದವಿ ಬಂತು. ಆ ಪ್ರಶ್ನೆ ಇಂದಿಗೂ ನನ್ನ ಜೊತೆಗಿದೆ.

ನಿಯಮಗಳಲ್ಲಿ ಕೊರತೆ ಇಲ್ಲ, ಸಚಿವರೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌.ಡಿ. ನಿಯಮಾವಳಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಕಡ್ಡಾಯ ಮಾಡಿದೆ. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅದರಲ್ಲೇ ಸೇರಿದೆ. ತೊಂದರೆ ಇರುವುದು ಹೊತ್ತಿನಲ್ಲಿ. ಕ್ಷೇತ್ರಕ್ಕೆ ಕಾಲಿಡುವ ಮೊದಲೇ ಕೋರ್ಸ್‌ವರ್ಕ್ ಮುಗಿದಿರುತ್ತದೆ. ನಿಜವಾದ ಪ್ರಶ್ನೆಗಳು ಹುಟ್ಟುವುದು ಆಮೇಲೆ. ಯಾದೃಚ್ಛಿಕ ಮಾದರಿಯ (ಚೀಟಿ ಎತ್ತಿದಂತೆ ಜನರನ್ನು ಆರಿಸುವ ಕ್ರಮ) ವ್ಯಾಖ್ಯೆ ಬಾಯಿಪಾಠ ಬರುವ ಹುಡುಗನಿಗೆ, ಹಳ್ಳಿಗೆ ಹೋದಾಗ ಯಾವ ಪಟ್ಟಿಯಿಂದ ಹೆಸರು ಆರಿಸಬೇಕು ಎಂಬುದೇ ದೊಡ್ಡ ಸಮಸ್ಯೆ. ಮತದಾರರ ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಉಳಿದಿರುತ್ತದೆ. ಜಾಬ್ ಕಾರ್ಡ್ ಪಟ್ಟಿಯಲ್ಲಿರುವವರು ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಊರಲ್ಲಿ ಸಿಕ್ಕವರನ್ನಷ್ಟೇ ಮಾತಾಡಿಸಿ ಬಂದರೆ ಗುಳೆ ಹೋದವರ ಕಥೆ ಪ್ರಬಂಧದಿಂದಲೇ ಬಿಟ್ಟುಹೋಗುತ್ತದೆ.

ಟಿಪ್ಪಣಿಗಳನ್ನು ಕಾಪಾಡುವುದನ್ನೂ ಯಾರೂ ಕಲಿಸುವುದಿಲ್ಲ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂಬ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ್ದರು. ಅದರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಹಾಳಾದವು. ಮೂರೂ ಒಂದೇ ಕಡೆ ಇದ್ದವು. ಆ ಹಳ್ಳಿಯ ಬಗ್ಗೆ ಅವರು ನೆನಪನ್ನು ನೆಚ್ಚಿ ಬರೆದರು. ಆ ನೆನಪಿನ ಹಿಂದೆ ಅವರ ಜೀವಮಾನದ ತಾಲೀಮಿತ್ತು. ಇಂದು ಪೆನ್‌ಡ್ರೈವ್ ಕೆಟ್ಟಿತೆಂದು ಅತ್ತುಕೊಂಡು ಬರುವ ಸ್ಕಾಲರ್‌ಗೆ ಆ ಆಸರೆಯೂ ಇರುವುದಿಲ್ಲ.

ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು) ನೆರವಿನಿಂದ ಸಮಾಜವಿಜ್ಞಾನದವರಿಗೆ ಹತ್ತು ದಿನಗಳ ಸಂಶೋಧನಾ ವಿಧಾನದ ಕೋರ್ಸ್‌ಗಳು ನಡೆಯುತ್ತವೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಮಹಾಪ್ರಬಂಧ ಬರೆಯುವ ನಮ್ಮ ಮಕ್ಕಳು ಹಿಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳದೆ ಎದ್ದು ಬರುತ್ತಾರೆ. ಅವರಿಗಿರುವ ತೊಡಕುಗಳೇ ಬೇರೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಪ್ರಬಂಧವನ್ನು ಯೂನಿಕೋಡ್‌ಗೆ ಬದಲಿಸದಿದ್ದರೆ ಅದು ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಇದ್ದರೂ ಕನ್ನಡ ಪದ ಕೊಟ್ಟು ಹುಡುಕಿದವರಿಗೆ ಸಿಗುವುದಿಲ್ಲ. ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೂ ಆ ಅಕ್ಷರಗಳು ಅರ್ಥವಾಗುವುದಿಲ್ಲ.

ಎಲ್ಲರಿಗೂ ಅಂಕಿಅಂಶ ವಿಶ್ಲೇಷಿಸುವ ತಂತ್ರಾಂಶವಾದ ಎಸ್‌ಪಿಎಸ್‌ಎಸ್ ಕಲಿಸಿಬಿಟ್ಟರೆ ಆಯಿತು ಎಂದು ನಾನು ಹೇಳುತ್ತಿಲ್ಲ. ಶಾಸನದ ಮೇಲೆ ಕೆಲಸ ಮಾಡುವವರು ಅಚ್ಚಾದ ಸಂಪುಟದ ಪಾಠವನ್ನು ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಂಡ ಪಡಿಯಚ್ಚಿನ ಜೊತೆ ಒಮ್ಮೆಯಾದರೂ ಹೋಲಿಸಿ ಓದಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಳೆಯ ಬರಹಗಳನ್ನು ಅಭ್ಯಸಿಸುವ ಹಸ್ತಪ್ರತಿಶಾಸ್ತ್ರ ವಿಭಾಗವೇ ಇದೆ. ಆ ಕಮ್ಮಟ ಅಲ್ಲೇ ನಡೆಯಲಿ. ಜಾನಪದದವರಿಗೆ ಧ್ವನಿಮುದ್ರಣ, ಹಾಡಿದವರ ಒಪ್ಪಿಗೆ ಪಡೆಯುವ ರೀತಿ, ಆಡುಮಾತನ್ನು ತಿದ್ದದೆ ಬರೆದುಕೊಳ್ಳುವ ಕ್ರಮ ಬೇಕು.

ನನ್ನ ಕೋರಿಕೆ ಇಷ್ಟು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಮೂಲಕ ಕಂದಾಯ ವಿಭಾಗಕ್ಕೊಂದರಂತೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ ಕನ್ನಡದಲ್ಲಿ ವಸತಿ ಕಮ್ಮಟ ನಡೆಸಿ. ಒಂದು ಕಮ್ಮಟಕ್ಕೆ ಮೂವತ್ತು ಜನ ಸಾಕು. ಎರಡು ಕಂತು ಇರಲಿ: ಕ್ಷೇತ್ರಕ್ಕೆ ಹೋಗುವ ಮುಂಚೆ ಆರು ದಿನ, ಆರು ತಿಂಗಳ ನಂತರ ಅದೇ ಗುಂಪಿಗೆ ಮತ್ತೆ ನಾಲ್ಕು ದಿನ. ಎರಡನೇ ಕಂತೇ ಇದರ ಜೀವ. ಆಗ ಪ್ರತಿಯೊಬ್ಬರೂ ತಮ್ಮ ಪ್ರಶ್ನಾವಳಿ, ತಮ್ಮ ಧ್ವನಿಮುದ್ರಣ, ತಮ್ಮ ಕೋಷ್ಟಕ ತರಬೇಕು. ಮೇಜಿನ ಮೇಲೆ ಅದನ್ನೇ ಹರವಿಕೊಂಡು ಕಲಿಯಬೇಕು. ಅಂಕಿಅಂಶಕ್ಕೆ ಆರ್, ಆಕರಗ್ರಂಥಗಳ ಪಟ್ಟಿಗೆ ಜೊಟೆರೊದಂಥ ಉಚಿತ ತಂತ್ರಾಂಶಗಳಲ್ಲೇ ಕಲಿಸಿದರೆ ಊರಿಗೆ ಹೋದ ಮೇಲೂ ಕೆಲಸ ನಿಲ್ಲುವುದಿಲ್ಲ. ಕೊನೆಯ ದಿನ ಗೈಡ್‌ಗಳನ್ನೂ ಕರೆಸಿ. ಇಲ್ಲಿ ಕಲಿತದ್ದನ್ನು ಅಲ್ಲಿ ‘ಇದೆಲ್ಲ ಬೇಡ, ಹಳೆಯ ಪ್ರಬಂಧ ನೋಡಿಕೊಂಡು ಬರಿ’ ಎಂದರೆ ಸ್ಕಾಲರ್ ಎತ್ತ ಹೋಗಬೇಕು?

ಉದ್ಘಾಟನೆಗೆ ಅರ್ಧ ದಿನ, ಸಮಾರೋಪಕ್ಕೆ ಅರ್ಧ ದಿನ ಕಳೆಯದಿರಲಿ. ಭಾಷಣಕಾರರ ಬದಲು ಕ್ಷೇತ್ರದಲ್ಲಿ ನಡೆದಾಡಿ ಬಂದವರನ್ನು ಕರೆಸಿ, ನಿವೃತ್ತರಾದ ಜನಗಣತಿ ಮೇಲ್ವಿಚಾರಕರೂ ಸೇರಿದಂತೆ. ಮನೆ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವುದು ಹೇಗೆಂದು ಅವರಷ್ಟು ಬಲ್ಲವರು ಕಡಿಮೆ.

ಮೊದಲ ಕಮ್ಮಟ ಕಲಬುರಗಿ ವಿಭಾಗದಲ್ಲೇ ಆಗಲಿ ಎಂಬುದು ನನ್ನ ಆಸೆ. ನಾನು ಸಂಭಾವನೆ ಇಲ್ಲದೆ ಬರುತ್ತೇನೆ. ಆ 240 ಪ್ರಶ್ನಾವಳಿಗಳ ಕಟ್ಟು ಇನ್ನೂ ನನ್ನ ಬೀರುವಿನಲ್ಲಿದೆ, ಅದನ್ನೂ ತರುತ್ತೇನೆ. ಮೊದಲ ದಿನದ ಮೊದಲ ಅವಧಿಯಲ್ಲಿ ಆ ಹಿರಿಯರ ಹಾಳೆಯನ್ನು ತೆರೆದು, ನಾನು ಟಿಕ್ ಹಾಕಿದ ಚೌಕವನ್ನು ಆ ಮೂವತ್ತು ಜನರಿಗೆ ತೋರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಮಾಜಶಾಸ್ತ್ರದ ಅಧ್ಯಾಪಕಿ